ಕಾಂತೆರೊಲ್ ಅರಮನೆ ನಾಪತ್ತೆ ಪ್ರಕರಣ

ಕಾಂತೆರೊಲ್ ಅರಮನೆ ನಾಪತ್ತೆಯಾಗಿದೆ ಎಂಬ ಸಂಗತಿ ಸರ್ಕಾರದ ಗಮನಕ್ಕೆ ಬಂದದ್ದು ಮೇ ತಿಂಗಳಲ್ಲಿ. ಅಂಥದೊಂದು ಅರಮನೆ ಯಾವ ಕಾಲದಲ್ಲೂ ಇರಲಿಲ್ಲವೆಂಬುದು ಮೋಂಬ್ರಾಕ್ ಊರಿನ ಕೋಳಿಗಳಿಗೂ ಗೊತ್ತಿತ್ತು. ಆದರೆ ಇಲ್ಲದಿರುವುದು ಬೇರೆ, ನಾಪತ್ತೆಯಾಗಿರುವುದು ಬೇರೆ. ಮೊದಲನೆಯದನ್ನು ನೋಡಿಕೊಳ್ಳಲು ಸರ್ಕಾರದಲ್ಲಿ ಯಾವ ವಿಭಾಗವೂ ಇಲ್ಲ, ಎರಡನೆಯದಕ್ಕೆ ಇದೆ.

ಗಾರೋನ್ ನದಿಯ ಈ ದಂಡೆಯಲ್ಲಿ ವೈನ್ ಮಾಡುವವರೆಲ್ಲ ಅರಮನೆಯವರೇ. ಹೆಂಚು ಹಾರಿಹೋದ ಮನೆಯಿರಲಿ, ತಗಡಿನ ಶೆಡ್ಡಿರಲಿ, ಸೀಸೆಯ ಲೇಬಲ್ಲಿನ ಮೇಲೆ ಅದು ‘ಶಾತೋ’, ಅಂದರೆ ಅರಮನೆ. ಹೆಸರಿನ ಕೆಳಗೆ ಅರಮನೆಯ ಚಿತ್ರವೂ ಇರಬೇಕು. ಚಿತ್ರವಿಲ್ಲದ ಸೀಸೆಯನ್ನು ಇಲ್ಲಿಯವರು ಅಡುಗೆಗೆ ಬಳಸುತ್ತಾರೆ. ಕುಡಿಯುವವರು ಚಿತ್ರ ನೋಡಿ ತಲೆದೂಗುತ್ತಾರೆಯೇ ಹೊರತು ಎದ್ದು ಹೋಗಿ ಅರಮನೆ ಹುಡುಕುವುದಿಲ್ಲ. ಇದು ಮರ್ಯಾದಸ್ಥರ ನಡುವಿನ ಒಪ್ಪಂದ.

ಸೊಲಾಂಜ್ ಲಾಫಾರ್ಗ್‌ಳ ಶಾತೋ ಕಾಂತೆರೊಲ್ ಕೂಡ ಅಂಥದೇ. ಅದರ ಲೇಬಲ್ ಬರೆದವನು ಅವಳ ಚಿಕ್ಕಪ್ಪ ಒಕ್ತಾವ್. ನಾಲ್ಕು ಹೆಜ್ಜೆ ನಡೆದರೆ ನಿಜವಾದ ಅರಮನೆಗಳೇ ಸಿಗುವ ಸೀಮೆಯಲ್ಲಿದ್ದರೂ ಒಕ್ತಾವ್ ಸೋಮಾರಿ. ಕೈಗೆ ಸಿಕ್ಕಿದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ನೋಡಿಕೊಂಡು ಬರೆದ. ಆ ಮುಚ್ಚಳದ ಮೇಲೆ ಯಾರೋ ಕೂತು ಅದು ಸೊಟ್ಟಗಾಗಿತ್ತು. ಹಾಗಾಗಿ ಎಡಗಡೆಯ ಗೋಪುರ ವಾಲಿಕೊಂಡಿತು. ಮುಂದೆ ಒಂದು ಕೊಳ, ಕೊಳದಲ್ಲಿ ಒಂದು ಹಂಸ. ಹಂಸವನ್ನು ಬೇರೊಂದು ಡಬ್ಬಿಯಿಂದ ಎತ್ತಿಕೊಂಡದ್ದರಿಂದ ಅದು ಅರಮನೆಯ ಬಾಗಿಲಿಗಿಂತ ಎತ್ತರವಾಯಿತು. ಚಿಮಣಿಯಿಂದ ಹೊಗೆ. ಮನುಷ್ಯರನ್ನು ಬರೆಯುವುದು ಒಕ್ತಾವ್‌ಗೆ ಬರುತ್ತಿರಲಿಲ್ಲ, ಬರೆಯಲಿಲ್ಲ.

ನಿಜವಾಗಿ ಅಲ್ಲಿದ್ದದ್ದು ಇಳಿಜಾರಿನ ನೆತ್ತಿಯ ಮೇಲೊಂದು ತಗಡಿನ ಶೆಡ್ಡು, ಅದರ ಮುಂದೆ ರಸ್ತೆಯವರೆಗೂ ಇಳಿದ ಮಾಲ್ಬೆಕ್ ದ್ರಾಕ್ಷಿಯ ಹಳೆಯ ಸಾಲುಗಳು. ಸೊಲಾಂಜ್‌ಳ ಅಜ್ಜ ನೆಟ್ಟ ಬಳ್ಳಿಗಳವು. ಬುಡಗಳು ಮುದುಕರ ಮೊಣಕೈಯಂತೆ ಗಂಟುಗಂಟಾಗಿದ್ದವು. ಫಸಲು ಕಡಿಮೆ, ಕೊಟ್ಟಷ್ಟೂ ಗಟ್ಟಿ. ಮದುವೆ, ಮಕ್ಕಳು ಅಂತ ಏನೂ ಹಚ್ಚಿಕೊಳ್ಳದ ಸೊಲಾಂಜ್ ಆ ಸಾಲುಗಳನ್ನು ಮಾತ್ರ ಬಹಳ ಹಚ್ಚಿಕೊಂಡಿದ್ದಳು. ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಡುತ್ತಿರಲಿಲ್ಲ.

ಆ ವರ್ಷ ಬೆಲ್ಜಿಯಂನಿಂದ ಒಬ್ಬ ಗಂಡ ಹೆಂಡತಿ ಕಾರಿನಲ್ಲಿ ಬಂದರು. ಗಂಡನ ಕೈಯಲ್ಲಿ ಖಾಲಿ ಸೀಸೆ. ಸೀಸೆಯನ್ನೊಮ್ಮೆ, ಶೆಡ್ಡನ್ನೊಮ್ಮೆ ನೋಡಿದರು. ಸೊಲಾಂಜ್ ಅವರನ್ನು ಕೂರಿಸಿ ವೈನ್ ಕೊಟ್ಟಳು, ಬ್ರೆಡ್ಡಿಗೆ ಸವರಿಕೊಳ್ಳಲು ಬಾತುಕೋಳಿಯ ಮಾಂಸ ಅರೆದು ಮಾಡಿದ ಪಾತೆ ಕೊಟ್ಟಳು. ಅವರು ಎರಡು ಪೆಟ್ಟಿಗೆ ಕೊಂಡು ಕೈ ಬೀಸಿ ಹೋದರು. ಮನೆಗೆ ಹೋದ ಮೇಲೆ ಪ್ರವಾಸಿಗರ ಜಾಲತಾಣದಲ್ಲಿ ಹೀಗೆ ಬರೆದರು: ‘ವೈನ್ ಬಹಳ ಚೆನ್ನಾಗಿದೆ. ಅರಮನೆ ಕಾಣೆಯಾಗಿದೆ.’

ಈ ಸಾಲನ್ನು ಪೊಲೀಸರೂ ಓದಿದರು. ಠಾಣೆಯ ಬ್ರಿಗೇಡಿಯರ್ ಲೂಪಿಯಾಕ್ ಟೋಪಿ ತೆಗೆದು ಶೆಡ್ಡಿನೊಳಗೆ ಬಂದಾಗ ಸೊಲಾಂಜ್ ಪೀಪಾಯಿ ತೊಳೆಯುತ್ತಿದ್ದಳು. ಅವಳ ದೊಡ್ಡಪ್ಪನ ಮಗ ಫೆರ್ದಿನಾಂ, ಅವನೇ ಅವಳ ಟ್ರ್ಯಾಕ್ಟರ್ ಓಡಿಸುವವನೂ ಹೌದು, ಬಾಗಿಲಲ್ಲಿ ಕೂತು ಸಿಗರೇಟು ಸುತ್ತುತ್ತಿದ್ದ.

“ಮದಾಂ, ಅರಮನೇನ ಕೊನೇ ಸಲ ನೋಡಿದ್ದು ಯಾವಾಗ?”

“ಇವತ್ತು ಬೆಳಿಗ್ಗೆ.”

“ಎಲ್ಲಿ?”

“ಬಾಟ್ಲಿ ಮೇಲೆ.”

ಲೂಪಿಯಾಕ್ ಬರೆದುಕೊಂಡ. “ಅಂದ್ರೆ ಬೆಳಿಗ್ಗೆವರೆಗೂ ಇತ್ತು. ಯಾರ ಮೇಲಾದ್ರೂ ಅನುಮಾನ?”

“ನಮ್ಮ ಒಕ್ತಾವ್ ಚಿಕ್ಕಪ್ಪನ ಮೇಲೆ,” ಅಂದ ಫೆರ್ದಿನಾಂ. “ಆದ್ರೆ ಅವ್ನು ಸತ್ತು ಎಷ್ಟೋ ಕಾಲ ಆಯ್ತು.”

“ಅದೇನು ತೊಂದ್ರೆ ಇಲ್ಲ. ಸತ್ತವರನ್ನ ಹುಡುಕೋದು ನಮ್ಗೆ ಸುಲಭ. ಊರು ಬಿಟ್ಟು ಹೋಗಿರಲ್ಲ.”

ಸೊಲಾಂಜ್ ಬ್ರಷ್ಷು ಕೆಳಗಿಟ್ಟಳು. “ಅಲ್ಲ ಲೂಪಿಯಾಕ್, ನೀನು ಚಡ್ಡಿ ಹಾಕ್ತಿದ್ದಾಗಿಂದ ಈ ಅಂಗಳದಲ್ಲಿ ಚೆಂಡಾಡಿದೋನು. ಇಲ್ಲಿ ಅರಮನೆ ನೋಡಿದ್ದೀಯಾ?”

“ಚಡ್ಡಿ ಹಾಕಿದ್ದಾಗ ನೋಡಿಲ್ಲ, ಸೊಲಾಂಜ್. ಆದ್ರೆ ಯೂನಿಫಾರ್ಮ್ ಹಾಕಿದ ಮೇಲೆ ಹಂಗೆ ಹೇಳಕ್ಕಾಗಲ್ಲ. ದೂರು ಬಂದಿದೆ. ದೂರು ಬಂದಿದೆ ಅಂದ್ರೆ ವಸ್ತು ಇತ್ತು ಅಂತಾನೇ ಅರ್ಥ.”

ಎರಡು ಗ್ಲಾಸು ಮುಗಿಸಿ, ಸ್ಥಳದಲ್ಲಿ ಅರಮನೆಯ ಯಾವ ಸುಳಿವೂ ಇಲ್ಲ, ಕಳ್ಳರು ಬಹಳ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಾರೆ ಎಂದು ಬರೆದುಕೊಂಡು ಹೋದ. ಕಡತ ಅಲ್ಲಿಂದ ದ್ರಾಕ್ಷಾಸೀಮೆ ದರ್ಶನೋನ್ನತಿ ಪ್ರಾಧಿಕಾರಕ್ಕೆ ಹೋಯಿತು. ವೈನ್ ತೋಟಗಳನ್ನೂ ಅರಮನೆಗಳನ್ನೂ ನೋಡಲು ಬರುವ ಜನ ಯಾವ ದಾರಿಯಲ್ಲಿ ಬರಬೇಕು, ಎಲ್ಲಿ ನಿಂತು ಬೆರಗಾಗಬೇಕು ಎಂಬುದನ್ನು ತೀರ್ಮಾನಿಸುವುದು ಈ ಪ್ರಾಧಿಕಾರದ ಕೆಲಸ. ಆ ದಾರಿಗೆ ‘ವೈನ್ ದಾರಿ’ ಎಂದು ಹೆಸರು. ಅಲ್ಲಿಂದ ಬಂದವರು ಮೊಸ್ಯೊ ತಿಬೊ ದೆಲ್ಮಾಸ್ ಎಂಬ ಪರಿವೀಕ್ಷಕರು. ತೆಳ್ಳನೆಯ ಆಳು, ಬಹಳ ವಿನಯ, ಕೈಯಲ್ಲಿ ಭೂತಗನ್ನಡಿ. ಸೊಲಾಂಜ್ ಕೊಟ್ಟ ವೈನನ್ನು ಮುಟ್ಟದೆ ಸೀಸೆಯ ಲೇಬಲ್ಲನ್ನು ಮಾತ್ರ ಬಹಳ ಹೊತ್ತು ಪರಿಶೀಲಿಸಿ, ಎದ್ದು ನಿಂತು ನಿಯಮ ಓದಿದರು:

“ವೈನ್ ದಾರಿಯ ಮೇಲಿನ ಯಾವುದೇ ತೋಟದ ಲೇಬಲ್ಲಿನಲ್ಲಿ ತೋರಿಸಲಾಗಿರುವ ಕಟ್ಟಡ, ಜಲಾಶಯ, ಪ್ರಾಣಿ, ಪಕ್ಷಿ, ಹೊಗೆ ಇತ್ಯಾದಿಗಳು ಸದರಿ ತೋಟದಲ್ಲಿ ಸಂದರ್ಶಕರಿಗೆ ಲಭ್ಯವಿರತಕ್ಕದ್ದು. ಲಭ್ಯವಿಲ್ಲದ ಪಕ್ಷದಲ್ಲಿ ಲಭ್ಯಗೊಳಿಸತಕ್ಕದ್ದು.”

“ಅಷ್ಟೆಲ್ಲ ಯಾಕೆ ಮೊಸ್ಯೊ?” ಅಂದಳು ಸೊಲಾಂಜ್. “ಲೇಬಲ್ ಬದಲಾಯಿಸಿ ಶೆಡ್ಡಿನ ಚಿತ್ರ ಹಾಕಿಸ್ತೀನಿ. ಮುಗೀತಲ್ಲ.”

ದೆಲ್ಮಾಸ್ ನೊಂದುಕೊಂಡರು. “ಮದಾಂ, ಈ ಲೇಬಲ್ ಹಳೇದು. ಹಳೇದಾದ್ದರಿಂದ ಪರಂಪರೆ. ಪರಂಪರೇನ ತಿದ್ದಬೇಕು ಅಂದ್ರೆ ಚಿತ್ರಕಾರರೇ ಖುದ್ದಾಗಿ ಬಂದು ಒಪ್ಪಿಗೆ ಕೊಡಬೇಕು.”

“ಅವ್ನು ಸ್ಮಶಾನದಲ್ಲಿದ್ದಾನೆ.”

“ವಿಳಾಸ ಗೊತ್ತಿದೆ. ಎರಡು ಸಲ ಕರೆಸಿದ್ವಿ, ಬರ್ಲಿಲ್ಲ. ಬರದೇ ಇರೋದನ್ನ ಅಸಮ್ಮತಿ ಅಂತ ಪರಿಗಣಿಸಿದ್ದೀವಿ.”

“ನಾನು ವೈನ್ ದಾರಿಯಿಂದಲೇ ಆಚೆ ಹೋದ್ರೆ?”

“ಹೋಗಬಹುದು. ಆದ್ರೆ ದಾರಿಯಿಂದ ಹೋದವರು ಗೇಟಿನ ಹತ್ರ ಮಾರೋ ಹಾಗಿಲ್ಲ.”

ಗೇಟಿನ ಹತ್ತಿರ ಮಾರಿಯೇ ಸೊಲಾಂಜ್ ಬದುಕುತ್ತಿದ್ದದ್ದು. ಬೋರ್ಡೋದ ದೊಡ್ಡ ವ್ಯಾಪಾರಿಗಳು ವೈನನ್ನು ಟ್ಯಾಂಕರಿನಲ್ಲಿ ತುಂಬಿಕೊಂಡು ಹೋಗಿ ಯಾರ್‍ಯಾರದೋ ವೈನಿನ ಜೊತೆ ಕಲೆಸಿಬಿಡುತ್ತಿದ್ದರು. ಅಜ್ಜನ ಸಾಲಿನ ವೈನು ಆ ಟ್ಯಾಂಕರಿಗೆ ಹೋಗುವುದು ಅವಳಿಗೆ ಬೇಡವಾಗಿತ್ತು. ಅರಮನೆಯ ಖರ್ಚು ಪ್ರಾಧಿಕಾರದ್ದು, ಹಾಳಾಗಲಿ, ಶೆಡ್ಡಿನ ಮುಂದೊಂದು ಅರಮನೆ ನಿಂತರೆ ಬಳ್ಳಿಗೇನು ನಷ್ಟ ಅಂದುಕೊಂಡು ಸಹಿ ಹಾಕಿದಳು. ಅಲ್ಲಿ ಅವಳು ಎಡವಿದಳು.

ಅರಮನೆಯ ಕೆಲಸಕ್ಕೆ ಟೆಂಡರ್ ಕರೆಯಲಾಯಿತು. ಕರೆದದ್ದು ಊರಿನ ಮೇಯರಮ್ಮ ಮದಾಂ ಜಿಸ್ಲೇನ್ ಪುಜೋಲ್ ಅವರ ಅಳಿಯನೊಬ್ಬನಿಗೇ ಕೇಳಿಸಿತು. ಜಮೀನು ಕೃಷಿಗೆ ಮೀಸಲಾದ್ದರಿಂದ ಅಲ್ಲಿ ಅರಮನೆ ಕಟ್ಟುವಂತಿರಲಿಲ್ಲ; ಆದ್ದರಿಂದ ‘ಎರಡು ಗೋಪುರ ಸಹಿತ ಟ್ರ್ಯಾಕ್ಟರ್ ನಿಲ್ದಾಣ’ ಎಂದು ಮಂಜೂರಾಯಿತು. ಚಿತ್ರದಲ್ಲಿ ಅರಮನೆಯ ಮುಂಭಾಗ ಮಾತ್ರ ಇತ್ತು. ಹಿಂಭಾಗ ಹೇಗಿತ್ತೆಂದು ಹೇಳಬಲ್ಲ ಚಿತ್ರಕಾರರು ಮತ್ತೆ ಕರೆಸಿದರೂ ಬರಲಿಲ್ಲ. ಊಹೆಯ ಮೇಲೆ ಸರ್ಕಾರದ ಹಣ ಖರ್ಚು ಮಾಡುವುದು ತಪ್ಪು. ಹಾಗಾಗಿ ಮುಂಭಾಗವನ್ನಷ್ಟೇ ಕಟ್ಟಿ, ಹಿಂದಿನಿಂದ ಮರದ ದಿಮ್ಮಿಗಳ ಆಸರೆ ಕೊಟ್ಟರು. ಹಣ ಮಾತ್ರ ನಾಲ್ಕೂ ಗೋಡೆಗೆ ಬಿಡುಗಡೆಯಾಗಿತ್ತು. ಉಳಿದ ಮೂರು ಗೋಡೆ ಸ್ವಲ್ಪ ಸಮಯದಲ್ಲೇ ಅಳಿಯನ ಈಜುಕೊಳದ ಸುತ್ತ ಎದ್ದು ನಿಂತವು.

ಎಡಗಡೆಯ ಗೋಪುರವನ್ನು ನೆಟ್ಟಗೆ ಕಟ್ಟಿದರೆ ಅದು ನಕಲಿಯಾಗುತ್ತದೆ ಎಂದು ದೆಲ್ಮಾಸ್, ವಾಲಿಸಿ ಕಟ್ಟಿದರೆ ಬೀಳುತ್ತದೆ ಎಂದು ಇಂಜಿನಿಯರು. ಕೊನೆಗೆ ವಾಲಿಸಿಯೇ ಕಟ್ಟಿ, ಬೀಳಕೂಡದೆಂದು ಆದೇಶ ಹೊರಡಿಸಲಾಯಿತು. ಹಂಸದ ವಿಷಯ ಇನ್ನೂ ಸೂಕ್ಷ್ಮವಾಗಿತ್ತು. ಬಾಗಿಲಿಗಿಂತ ಎತ್ತರದ ಹಂಸ ಎಲ್ಲಿ ವಿಚಾರಿಸಿದರೂ ಸಿಗಲಿಲ್ಲ. ಪ್ರಾಧಿಕಾರದ ಹಿರಿಯರು ಸಭೆ ಸೇರಿ, ಹಂಸವನ್ನು ದೊಡ್ಡದು ಮಾಡುವುದಕ್ಕಿಂತ ಬಾಗಿಲನ್ನು ಚಿಕ್ಕದು ಮಾಡುವುದು ಮಿತವ್ಯಯವೆಂದು ತೀರ್ಮಾನಿಸಿದರು. ಅರಮನೆಗೆ ಮೊಣಕಾಲೆತ್ತರದ, ಕಬ್ಬಿಣದ ಮೊಳೆ ಹೊಡೆದ, ಬಹಳ ಗಂಭೀರವಾದ ಓಕ್ ಬಾಗಿಲು ಬಂತು.

“ಒಳಗೆ ಹೋಗೋದು ಹೆಂಗೆ?” ಕೇಳಿದ ಫೆರ್ದಿನಾಂ.

“ಒಳಗೆ ಅಂತ ಎಲ್ಲಿದೆ?” ಅಂದ ಅಳಿಯ. ಫೆರ್ದಿನಾಂ ತಲೆಯಾಡಿಸಿ ಒಪ್ಪಿಕೊಂಡ.

ಗೋಡೆಯ ಸುಣ್ಣ ಆರುವ ಮೊದಲೇ ಅದು ಪಾರಂಪರಿಕ ಕಟ್ಟಡವೆಂದು ಘೋಷಣೆಯಾಯಿತು. ನಾಪತ್ತೆ ಪ್ರಕರಣವನ್ನು ಲೂಪಿಯಾಕ್ ‘ವಸ್ತು ಪತ್ತೆ’ ಎಂದು ಬರೆದು ಮುಕ್ತಾಯಗೊಳಿಸಿದ. ಅದಕ್ಕಾಗಿ ಅವನಿಗೊಂದು ಪದಕ ಬಂತು.

ಆಮೇಲೆ ಒಂದು ದಿನ ದೆಲ್ಮಾಸ್ ರಸ್ತೆಯ ಮೇಲೆ ನಿಂತು, ಲೇಬಲ್ಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಸೊಲಾಂಜ್ ಬಳ್ಳಿಯ ಸಾಲಿನಲ್ಲಿ ಹೆಚ್ಚುವರಿ ಚಿಗುರು ಮುರಿಯುತ್ತಿದ್ದಳು.

“ಮದಾಂ, ನೀವು ನಿಂತಿದ್ದೀರಲ್ಲ, ಅಲ್ಲಿ ಕೊಳ ಇರ್ಬೇಕು.”

“ಇಲ್ಲಿ ಬಳ್ಳಿ ಇದೆ.”

“ಚಿತ್ರದಲ್ಲಿ ಇಲ್ಲ.”

“ಚಿತ್ರ ಅಂಟಿಸೋದೇ ಈ ಬಳ್ಳಿಯ ವೈನಿಗೆ ಮೊಸ್ಯೊ. ಬಳ್ಳಿ ಕಿತ್ತರೆ ಚಿತ್ರ ಯಾವುದರ ಮೇಲೆ ಅಂಟಿಸ್ಲಿ?”

“ಅದು ಅಂಟಿಸೋ ವಿಭಾಗದವರಿಗೆ ಬಿಟ್ಟಿದ್ದು. ನಾನು ನೋಡೋ ವಿಭಾಗದವನು.” ಅವರ ದನಿಯಲ್ಲಿ ಕಠಿಣತೆ ಇರಲಿಲ್ಲ. “ನಿಮ್ಮ ನೋವು ನಂಗೆ ಅರ್ಥ ಆಗತ್ತೆ. ನಮ್ಮ ತಾತನೂ ತೋಟ ಇಟ್ಟಿದ್ರು. ಆದ್ರೆ ಅವ್ರ ಲೇಬಲ್ಲಿನಲ್ಲಿ ಪುಣ್ಯಕ್ಕೆ ಬರೀ ಒಂದು ಬಕೆಟ್ಟಿತ್ತು.”

ಸೊಲಾಂಜ್ ಕೈ ತೊಳೆಯದೆ ಊರಿನ ಕಚೇರಿಗೆ ಓಡಿದಳು. ಮೇಯರಮ್ಮ ಎದ್ದು ಬಂದು ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು ಕೂರಿಸಿದರು.

“ನನ್ನ ಮದುವೆಗೂ ನಿಮ್ಮಜ್ಜನ ವೈನೇ ಸೊಲಾಂಜ್. ನನ್ನ ಗಂಡನ ತಿಥಿಗೂ ಅದೇ. ಎರಡು ದಿನಾನೂ ಅದು ಇತ್ತು ಅಂತಾನೇ ತಡ್ಕೊಂಡೆ. ಅದರ ಬೆಲೆ ನಂಗೆ ಗೊತ್ತಿಲ್ವಾ?”

“ಹಂಗಾದ್ರೆ ನಿಲ್ಸಿ, ಜಿಸ್ಲೇನ್. ಒಂದು ನಾಲ್ಕು ಸಾಲಾದ್ರೂ ಉಳಿಸಿ. ಅರಮನೆ ಬೇಕಾದ್ರೆ ನೀವೇ ಇಟ್ಕೊಳ್ಳಿ.”

“ಊರಲ್ಲಿ ಅಂಚೆ ಕಚೇರಿ ಮುಚ್ತು, ಕಟುಕನ ಅಂಗಡಿ ಮುಚ್ತು. ಬಸ್ಸು ತುಂಬ ಜನ ಬಂದ್ರೆ ಕೆಫೆ ಆದ್ರೂ ಉಳಿಯತ್ತೆ. ಬಸ್ಸಿನವರು ಬಳ್ಳಿ ನೋಡಕ್ಕೆ ಬರಲ್ಲ ಮಾರಾಯ್ತಿ, ಬಳ್ಳಿ ಎಲ್ಲಾ ಕಡೆ ಇದೆ. ಬಾಗಿಲಿಗಿಂತ ಎತ್ತರದ ಹಂಸ ಎಲ್ಲಿದೆ ಹೇಳು?”

ಊರಿನ ಸಭೆ ಬಳ್ಳಿಗಳ ಅಗಲಿಕೆಗೆ ಸಂತಾಪ ಸೂಚಿಸುವ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಬಳ್ಳಿ ಕೀಳುವ ಯಂತ್ರದ ಬಾಡಿಗೆ ಗಂಟೆಯ ಲೆಕ್ಕದ್ದಾದ್ದರಿಂದ ಮೌನಾಚರಣೆಯನ್ನು ಹಿಂದಿನ ದಿನವೇ ಮುಗಿಸಲಾಯಿತು.

ಕೀಳುವ ದಿನ ಯಂತ್ರದವನ ಪಕ್ಕದಲ್ಲಿ ಫೆರ್ದಿನಾಂ ತಾನೇ ನಿಂತ. ಹೊರಗಿನವರು ಒರಟಾಗಿ ಎಳೆದಾಡುವುದು ಬೇಡವೆಂದು ಅವನ ಆಸೆ. ಬೇರುಗಳು ಬಹಳ ಆಳಕ್ಕೆ ಹೋಗಿದ್ದವು, ಒಂದೊಂದು ಬುಡ ಬರುವಾಗಲೂ ನೆಲ ಬಿಡಲೊಲ್ಲದೆ ಜಗ್ಗುತ್ತಿತ್ತು. ಸೊಲಾಂಜ್ ಶೆಡ್ಡಿನ ಬಾಗಿಲಲ್ಲಿ ನಿಂತು ಕೊನೆಯ ಸಾಲಿನವರೆಗೂ ನೋಡಿದಳು. ಅವಳಿಗೆ ಸಂಕಟವಾಯಿತು, ತಾನು ಹಾಕಿದ ಸಹಿಯ ಮೇಲೆ ಸಿಟ್ಟು ಬಂತು.

ಸಾಲುಗಳಿದ್ದ ಕಡೆ ಕೊಳ ತೋಡಿದರು. ಹಂಸ ಪಟ್ಟಣದ ಉದ್ಯಾನವನದಿಂದ ನಿಯೋಜನೆಯ ಮೇಲೆ ಬಂತು. ಅದಕ್ಕೆ ದಿನಭತ್ಯೆ ಇತ್ತು, ಭಾನುವಾರ ರಜೆ ಇತ್ತು, ಸ್ವಭಾವ ಮಾತ್ರ ಕೆಟ್ಟದಾಗಿತ್ತು. ಇನ್ನು ಉಳಿದದ್ದು ಹೊಗೆ. ಚಿತ್ರದ ಚಿಮಣಿಯಲ್ಲಿ ಹೊಗೆಯಿದ್ದುದರಿಂದ ಸಂದರ್ಶನದ ವೇಳೆಯುದ್ದಕ್ಕೂ ಹೊಗೆ ಬರತಕ್ಕದ್ದು. ಆದರೆ ತೋಟದ ಕಸಕಡ್ಡಿ ಸುಡಬಾರದೆಂದು ಪರಿಸರದವರ ಕಟ್ಟಪ್ಪಣೆಯಿತ್ತು. ದೆಲ್ಮಾಸ್ ಒಂದು ವಾರ ಓದಿ ದಾರಿ ಹುಡುಕಿದರು: ಕಿತ್ತುಹಾಕಿದ ಹಳೆಯ ಬಳ್ಳಿ ಕಸವಲ್ಲ, ಪರಂಪರೆ. ಕಸ ಸುಡಬಾರದೆಂದು ಕಾನೂನಿದೆ. ಪರಂಪರೆ ಸುಡಬಾರದೆಂದು ಎಲ್ಲೂ ಇಲ್ಲ.

“ನಮ್ಮಜ್ಜನ ಬಳ್ಳೀನ ಸುಡ್ತೀರಾ?” ಅಂದಳು ಸೊಲಾಂಜ್.

“ನಾವಲ್ಲ ಮದಾಂ. ನೀವು.”

ಹೀಗೆ ಸೊಲಾಂಜ್ ಲಾಫಾರ್ಗ್ ‘ಧೂಮ ನಿರ್ವಾಹಕಿ, ಎರಡನೆಯ ದರ್ಜೆ’ ಹುದ್ದೆಗೆ ನೇಮಕವಾದಳು. ಮೊದಲನೆಯ ದರ್ಜೆಯ ಹುದ್ದೆ ಖಾಲಿಯಿದ್ದು, ಅದಕ್ಕೆ ಹೊಗೆ ವಿಷಯದಲ್ಲಿ ಪದವಿಯಾಗಿರಬೇಕಿತ್ತು. ಗೋಡೆಯ ಹಿಂದೆ ಚಿಮಣಿಯ ಬುಡದಲ್ಲೊಂದು ಒಲೆ ಕಟ್ಟಿಕೊಟ್ಟರು. ಒಲೆಯ ಪಕ್ಕ ಸ್ಟೂಲು, ಸ್ಟೂಲಿನ ಪಕ್ಕ ಬುಡಗಳ ರಾಶಿ. ಬೇರೆ ಯಾರೋ ಆಳು ಬಂದು ಅವನ್ನು ಒಲೆಗೆ ಎಸೆಯುವುದಕ್ಕಿಂತ ತಾನೇ ಇಡುವುದು ವಾಸಿಯೆಂದು ಅವಳು ಕೆಲಸ ಒಪ್ಪಿಕೊಂಡಿದ್ದಳು. ಇಡುವಾಗ ಒಂದೊಂದನ್ನೂ ಗುರುತು ಹಿಡಿಯುತ್ತಿದ್ದಳು: ಇದು ಕಲ್ಲಿನ ಪಕ್ಕದ್ದು, ಇದಕ್ಕೆ ಒಮ್ಮೆ ಆಲಿಕಲ್ಲು ಬಿದ್ದಿತ್ತು, ಇದು ಪ್ರತಿ ವರ್ಷವೂ ತಡವಾಗಿ ಚಿಗುರುತ್ತಿದ್ದ ಮೊಂಡು.

ಕೊನೆಯ ತಪಾಸಣೆಯಲ್ಲಿ ದೆಲ್ಮಾಸ್‌ಗೆ ಒಂದೇ ಒಂದು ಕೊರತೆ ಕಂಡಿತು. ಅದು ಸೊಲಾಂಜ್. ಚಿತ್ರದಲ್ಲಿ ಮನುಷ್ಯರಿಲ್ಲ. ಆದ್ದರಿಂದ ಸಂದರ್ಶನದ ವೇಳೆಯಲ್ಲಿ ಅವಳು ಗೋಡೆಯ ಈಚೆಗೆ ಬರಕೂಡದು. ಅದೇ ನ್ಯಾಯದಂತೆ ಸಂದರ್ಶಕರೂ ಒಳಗೆ ಬರಕೂಡದು. ಗೇಟಿಗೆ ಬೀಗ ಹಾಕಿ ಫಲಕ ತೂಗುಹಾಕಿದರು: ‘ಕಾಂತೆರೊಲ್ ಅರಮನೆಗೆ ಸುಸ್ವಾಗತ. ಪ್ರವೇಶವಿಲ್ಲ.’

ಉದ್ಘಾಟನೆಗೆ ಏಳೆಂಟು ಬಸ್ಸು ಬಂದವು. ರಸ್ತೆಯುದ್ದಕ್ಕೂ ಜನ ಲೇಬಲ್ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಗೋಪುರ ವಾಲಿತ್ತು, ಹಂಸ ಬಾಗಿಲಿಗಿಂತ ಎತ್ತರವಿತ್ತು, ಹೊಗೆ ಬರುತ್ತಿತ್ತು. ಚಪ್ಪಾಳೆಯಾಯಿತು. ಮೇಯರಮ್ಮ ಎಲ್ಲರ ಕೈಗೂ ಗ್ಲಾಸು ಕೊಡಿಸಿದರು. ಗ್ಲಾಸು ಕೊಟ್ಟಾದ ಮೇಲೆ ವೈನ್ ಇಲ್ಲವೆಂಬುದು ನೆನಪಾಯಿತು. ಕಾಂತೆರೊಲ್ ಲೇಬಲ್ಲಿನ ಸೀಸೆಯಲ್ಲಿ ಕಾಂತೆರೊಲ್ ತೋಟದ ವೈನು ಮಾತ್ರ ಇರಬೇಕು. ತೋಟ ಈಗ ಕೊಳದ ಅಡಿಯಲ್ಲಿತ್ತು. ಹಳೆಯ ದಾಸ್ತಾನನ್ನು, ಚಿತ್ರಕ್ಕೆ ಹೊಂದದ ಕಾಲದಲ್ಲಿ ತಯಾರಾದದ್ದೆಂದು ಪ್ರಾಧಿಕಾರ ಮೊದಲೇ ಜಪ್ತಿ ಮಾಡಿ, ವಿಲೇವಾರಿಗಾಗಿ ಅಧಿಕಾರಿಗಳ ಮನೆಗಳಿಗೆ ಕಳಿಸಿತ್ತು.

ನೂರಾರು ಜನ ಖಾಲಿ ಗ್ಲಾಸು ಹಿಡಿದು ನಿಂತಿದ್ದ ಆ ಹೊತ್ತಿನಲ್ಲಿ ಗಾಳಿ ತಿರುಗಿ, ಹೊಗೆ ಇಳಿಜಾರಿನಲ್ಲಿ ಇಳಿದು ರಸ್ತೆಗೆ ಬಂತು. ಜನರ ನಡುವೆ ಮೊಸ್ಯೊ ಒರೆಲಿಯಾಂ ವೋಕ್ಲೇರ್ ಇದ್ದರು. ವೈನ್ ಪರೀಕ್ಷಕರು, ಗ್ಲಾಸನ್ನು ಮೂಸಿ, ಬಾಯಲ್ಲಿ ಆಡಿಸಿ, ಉಗುಳಿಯೇ ದೇಶದಲ್ಲೆಲ್ಲ ಹೆಸರು ಮಾಡಿದವರು. ಒಂದು ಗುಟುಕೂ ನುಂಗದೆ ಮನೆ ಕಟ್ಟಿಸಿದ ಮನುಷ್ಯ. ಅವರು ಗ್ಲಾಸನ್ನು ಬೋರಲು ಮಾಡಿ ಹೊಗೆ ಹಿಡಿದರು, ಅಂಗೈ ಮುಚ್ಚಿ ಅಲುಗಾಡಿಸಿದರು, ಮೂಗು ಒಳಗಿಟ್ಟರು.

“ಹಳೇ ಮಾಲ್ಬೆಕ್ಕು. ಇಳಿಜಾರಿಂದು, ಸುಣ್ಣಕಲ್ಲಿನ ನೆಲ. ಒಣಗಿದ ಪ್ಲಮ್ಮು, ಸ್ವಲ್ಪ ಚರ್ಮದ ಬೂಟು. ಆಮೇಲೆ ಕೊನೇಲಿ ಏನೋ ಒಂಥರಾ ದುಃಖ.”

ರಸ್ತೆಯುದ್ದಕ್ಕೂ ಗ್ಲಾಸುಗಳು ಬೋರಲಾದವು. ಜನ ಮೂಸಿದರು, ಕಣ್ಣು ಮುಚ್ಚಿದರು, ಹೌದೆಂದರು. ಉಗುಳುವ ತಾಪತ್ರಯವಿಲ್ಲ, ಬಸ್ಸಿನ ಚಾಲಕರೂ ಭಾಗವಹಿಸಬಹುದು, ಮಕ್ಕಳಿಗೂ ಅಡ್ಡಿಯಿಲ್ಲ ಎಂದು ಮೇಯರಮ್ಮ ಅಲ್ಲೇ ಭಾಷಣದಲ್ಲಿ ಸೇರಿಸಿಕೊಂಡರು.

ಗೋಡೆಯ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಸೊಲಾಂಜ್‌ಗೆ ಒಂದೊಂದು ಮಾತೂ ಕೇಳಿಸಿತು. ಆ ಮನುಷ್ಯ ತಪ್ಪು ಹೇಳಿರಲಿಲ್ಲ. ಅಜ್ಜನ ಬಳ್ಳಿಯನ್ನು ಇಷ್ಟು ಜನ ಒಟ್ಟಿಗೆ ಹೊಗಳಿದ್ದನ್ನು ಅವಳು ಜೀವಮಾನದಲ್ಲಿ ಕೇಳಿರಲಿಲ್ಲ. ಅವಳಿಗೆ ಅಳು ಬಂತು. ಹೊಗೆ ಎಂದು ಹೇಳಿಕೊಳ್ಳುವ ಅನುಕೂಲವಿತ್ತು.

ಆ ವರ್ಷದ ಚಿನ್ನದ ಪದಕ ಕಾಂತೆರೊಲ್ ಹೊಗೆಗೆ ಬಂತು. ಪದಕ ಬಂದದ್ದೇ ತಡ, ಸುತ್ತಲಿನ ತೋಟದವರೂ ಎಚ್ಚೆತ್ತರು. ವೈನ್ ಎಂದರೆ ವರ್ಷಪೂರ್ತಿ ದುಡಿತ, ಶಿಲೀಂಧ್ರ, ಆಲಿಕಲ್ಲು, ಪೀಪಾಯಿ. ಹೊಗೆಗಾದರೆ ಕಡ್ಡಿ ಗೀರಿದರೆ ಆಯಿತು. ಒಬ್ಬೊಬ್ಬರೇ ಬಳ್ಳಿ ಕಿತ್ತು ಒಲೆ ಕಟ್ಟಿದರು. ಪ್ರಾಧಿಕಾರ ‘ವೈನ್ ದಾರಿ’ ಎಂಬ ಫಲಕಗಳನ್ನು ತೆಗೆಸಿ ‘ಹೊಗೆ ದಾರಿ’ ಎಂದು ಹಾಕಿಸಿತು. ಯಾರಿಗೂ ವಿಚಿತ್ರವೆನಿಸಲಿಲ್ಲ. ಕೆಫೆಯಲ್ಲಿ ಜನ ಯಾವ ವರ್ಷದ ಬುಡ ಚೆನ್ನಾಗಿ ಉರಿಯುತ್ತದೆ ಎಂದು ಜಗಳವಾಡತೊಡಗಿದರು.

ಸೊಲಾಂಜ್‌ಳ ರಾಶಿ ಮಾತ್ರ ಕರಗುತ್ತ ಬಂತು. ಅದು ಅರ್ಧಕ್ಕೆ ಇಳಿಯುವ ಹೊತ್ತಿಗೆ ದೆಲ್ಮಾಸ್ ಗಾಬರಿಯಿಂದ ಬಂದರು.

“ಪದಕ ಬಂದ ಹೊಗೆ ಬದಲಾಗೋ ಹಾಗಿಲ್ಲ ಮದಾಂ. ಅದೇ ಇಳಿಜಾರು, ಅದೇ ಬಳ್ಳಿ. ಮುಂದಕ್ಕೂ ಬೇಕು.”

“ಬಳ್ಳಿ ಕಿತ್ತಾಯ್ತಲ್ಲ ಮೊಸ್ಯೊ.”

“ಹಾಗಾದ್ರೆ ನೆಡಿ.”

ಸೊಲಾಂಜ್ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟಳು. “ನೆಡಬಹುದಾ?”

“ಗೋಡೆ ಹಿಂದೆ, ಶೆಡ್ಡಿನ ಪಕ್ಕದ ಜಾಗದಲ್ಲಿ ನೆಡಬಹುದು. ಅದು ಚಿತ್ರದಲ್ಲಿ ಇಲ್ಲ, ಅಂದ್ರೆ ನಮ್ಮ ಪ್ರಕಾರ ಅದು ಇಲ್ಲ. ಇಲ್ಲದ ಜಾಗದಲ್ಲಿ ಸೌದೆಗಾಗಿ ಬಳ್ಳಿ ಬೆಳೆಯೋಕೆ ಅಡ್ಡಿಯಿಲ್ಲ. ಒಂದೇ ಷರತ್ತು. ಹಣ್ಣು ಬಿಡಬಾರದು. ಬಿಟ್ಟರೆ ತಕ್ಷಣ ನಮಗೆ ತಿಳಿಸ್ಬೇಕು. ತಿಳಿಸದೇ ಇದ್ರೆ ಗಿಡ ಕೀಳಿಸ್ಬೇಕಾಗತ್ತೆ.”

ಬಳ್ಳಿ ಕೀಳುವ ಮೊದಲು ಫೆರ್ದಿನಾಂ ಯಾರಿಗೂ ಹೇಳದೆ ಒಂದು ಕಟ್ಟು ಕಡ್ಡಿ ಕತ್ತರಿಸಿ, ಕಸಿ ಮಾಡಿಸಿ, ತನ್ನ ಮನೆಯ ಹಿಂದೆ ಬೆಳೆಸಿದ್ದ. ಗಾಡಿಯಲ್ಲಿ ತಂದು ಇಳಿಸುವಾಗ ಸೊಲಾಂಜ್ ಅವನ ಮುಖ ನೋಡಿದಳು.

“ಏನು ಹಂಗೆ ನೋಡ್ತೀಯ?” ಅಂದ. “ಸೌದೆ ಇದು.”

ಇಬ್ಬರೂ ಸೇರಿ ನೆಟ್ಟರು. ಸೊಲಾಂಜ್ ಹೊಗೆಯ ಕೆಲಸ ಮುಗಿಸಿ ದಿನವೂ ಹೋಗಿ ಕಳೆ ಕೀಳುತ್ತಿದ್ದಳು, ನೀರುಣಿಸುತ್ತಿದ್ದಳು. ಸೌದೆಯನ್ನು ಅಷ್ಟು ಮುದ್ದಾಗಿ ನೋಡಿಕೊಂಡವರು ಆ ಸೀಮೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂರನೆಯ ಬೇಸಿಗೆಗೆ ಒಂದು ಬಳ್ಳಿ ನಿಯಮ ಮೀರಿ ಗೊಂಚಲು ಬಿಟ್ಟಿತು. ಎಲೆಯಡಿಯಲ್ಲಿ ಅಡಗಿ, ಕಪ್ಪಗೆ, ಬಿಗಿಯಾಗಿ. ಅವಳು ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳಲು ಕೈ ಚಾಚಿ, ಹಿಂದಕ್ಕೆಳೆದುಕೊಂಡಳು. ಬಳ್ಳಿಗಳನ್ನು ಇನ್ನೊಮ್ಮೆ ಕೀಳಿಸುವ ಶಕ್ತಿ ಅವಳಲ್ಲಿರಲಿಲ್ಲ. ಪ್ರಾಧಿಕಾರಕ್ಕೆ ಫೋನು ಮಾಡಿದಳು.

ದೆಲ್ಮಾಸ್ ಬಂದರು. ಸಾಕ್ಷಿಗಳಾಗಿ ಮೇಯರಮ್ಮನೂ ಬ್ರಿಗೇಡಿಯರ್ ಲೂಪಿಯಾಕನೂ ಬಂದರು. ಗೊಂಚಲನ್ನು ಭೂತಗನ್ನಡಿಯಲ್ಲಿ ನೋಡಿ, ಕತ್ತರಿಸಿ, ದೆಲ್ಮಾಸ್ ಒಂದು ಹಣ್ಣು ಬಾಯಿಗಿಟ್ಟರು. ಇನ್ನೊಂದಿಟ್ಟರು. ಆಮೇಲೆ ಗೊಂಚಲು ಮೇಯರಮ್ಮನ ಕೈಗೆ ಹೋಯಿತು, ಅಲ್ಲಿಂದ ಲೂಪಿಯಾಕನಿಗೆ. ಮೇಯರಮ್ಮ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಬರೀ ತೊಟ್ಟು ಉಳಿದಾಗ ದೆಲ್ಮಾಸ್ ಬೀಜಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಲೂಪಿಯಾಕನಿಗೆ ಹೇಳಿ ಬರೆಸಿದರು: ‘ಆಕ್ಷೇಪಾರ್ಹ ವಸ್ತುವನ್ನು ಸ್ಥಳದಲ್ಲೇ ನಾಶಪಡಿಸಲಾಯಿತು.’

“ನಂಗೂ ಒಂದು ಕೊಡಬಹುದಿತ್ತು,” ಅಂದಳು ಸೊಲಾಂಜ್.

“ದೂರು ಕೊಟ್ಟವರು ಸಾಕ್ಷ್ಯ ಮುಟ್ಟೋ ಹಾಗಿಲ್ಲ, ಮದಾಂ.”

“ಹೋಗ್ಲಿ, ರುಚಿ ಹೆಂಗಿತ್ತು? ಅಜ್ಜನ ಕಾಲದ್ದು ಹಂಗೇ ಇದೆಯಾ? ಅಷ್ಟು ಹೇಳಿ ಸಾಕು.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೆಲ್ಮಾಸ್‌ರ ತುಟಿಯ ಅಂಚು ಇನ್ನೂ ನೇರಳೆಯಾಗಿತ್ತು.

“ತನಿಖೆ ನಡೀತಾ ಇರೋವಾಗ ಹೇಳೋ ಹಾಗಿಲ್ಲ. ನಿಜ ಹೇಳ್ಬೇಕು ಅಂದ್ರೆ, ಒಂದು ಗೊಂಚಲಿನಿಂದ ಯಾವ ತೀರ್ಮಾನಕ್ಕೂ ಬರಕ್ಕಾಗಲ್ಲ.” ದೆಲ್ಮಾಸ್ ಕರವಸ್ತ್ರದ ಗಂಟನ್ನು ಜೇಬಿಗಿಟ್ಟರು. “ಮುಂದಿನ ಸೆಪ್ಟೆಂಬರಿಗೆ ಪೂರ್ತಿ ಸಮಿತಿ ಬರತ್ತೆ. ಚೀಸು, ಬ್ರೆಡ್ಡು ನಾವೇ ತರ್ತೀವಿ. ಅಷ್ಟರಲ್ಲಿ ಅಪರಾಧ ಇನ್ನೊಂದು ಸ್ವಲ್ಪ ದೊಡ್ಡ ಪ್ರಮಾಣದಲ್ಲಿ ನಡೆದಿದ್ರೆ ತನಿಖೆಗೆ ಅನುಕೂಲ.”

“ಎಷ್ಟು ದೊಡ್ಡದು?” ಅಂದಳು ಸೊಲಾಂಜ್.

“ಒಂದು ಪೀಪಾಯಿ ತುಂಬೋ ಅಷ್ಟು,” ಅಂದರು ಮೇಯರಮ್ಮ.

ಜವಾಬ್ದಾರಿಯುತ ಸರ್ಕಾರಿ ನೌಕರಳಾದ ಸೊಲಾಂಜ್, ಅಗತ್ಯವಿರುವ ಅಪರಾಧವನ್ನು ಸಕಾಲದಲ್ಲಿ ಒದಗಿಸುವುದಾಗಿ ಒಪ್ಪಿಕೊಂಡಳು. ಆಗ ರಸ್ತೆಯಲ್ಲಿ ಬಸ್ಸು ನಿಂತ ಸದ್ದಾಯಿತು. ಅವಳು ಗೋಡೆಯ ಹಿಂದಿನ ಸ್ಟೂಲಿಗೆ ಹೋಗಿ ಕೂತು, ಅಜ್ಜನ ಕೊನೆಯ ಬುಡವನ್ನು ಒಲೆಗಿಟ್ಟಳು.